ಸಾಹೇಬರು ಕರೆಸಿದ ಮಂದಿ

ಇಂಜಿನಿಯರ್ ಸಾಹೇಬರ ಪ್ಯಾಂಟು ಯಾವಾಗಲೂ ಮೊಣಕಾಲಿನವರೆಗೆ ಮಡಿಚಿರುತ್ತಿತ್ತು. ಕಣಕಾಲಿನ ಸುತ್ತ ಎರೆಮಣ್ಣು ಒಣಗಿ ಬಿರುಕು ಬಿಟ್ಟು, ದೂರದಿಂದ ನೋಡಿದವರಿಗೆ ಕರಿಯ ಕಡಗ ಹಾಕಿಕೊಂಡಂತೆ ಕಾಣುತ್ತಿತ್ತು. ಆ ಕಾಲಲ್ಲೇ ಕಚೇರಿಗೆ ಬರುತ್ತಿದ್ದರು, ಆ ಕಾಲಲ್ಲೇ ಮೇಲಧಿಕಾರಿಗಳ ಮುಂದೆಯೂ ನಿಲ್ಲುತ್ತಿದ್ದರು. ಮೈಮೇಲೆ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ಅಚ್ಚುಕಟ್ಟಾದ ವಿಭೂತಿ. "ನಡದ ಮ್ಯಾಲ ಸರಕಾರ, ನಡದ ಕೆಳಗ ಒಕ್ಕಲಿಗ" ಎಂದು ಜೀಪಿನ ಡ್ರೈವರ್ ಅವರ ಬೆನ್ನ ಹಿಂದೆ ನಗುತ್ತಿದ್ದ. ಬೆನ್ನ ಹಿಂದೆ ಮಾತ್ರ. ಎದುರಿಗೆ ನಗುವ ಧೈರ್ಯ ಯಾರಿಗೂ ಇರಲಿಲ್ಲ.

ಎಂಬತ್ತರ ದಶಕದ ನಡುವೆ ನಾನು ಆ ಕಚೇರಿಗೆ ಸೇರಿದೆ. ಸಿಂಧನೂರಿನ ಹೊರಗೆ, ಕಾಲುವೆಯ ಕೆಲಸಕ್ಕೆಂದು ಕಟ್ಟಿದ್ದ ತಗಡಿನ ಮಾಡಿನ ಸಣ್ಣ ಕಚೇರಿ ಅದು. ನಮ್ಮಪ್ಪ ಅಲ್ಲಿ ಗೇಟು ಕಾಯುತ್ತಿದ್ದ. ಜ್ವರ ಬಂದು ತೀರಿಕೊಂಡ ಮೇಲೆ ಅವನ ಬದಲಿಗೆ ನನಗೆ ಟೈಪಿಸ್ಟ್ ಕೆಲಸ ಕೊಟ್ಟರು. ಕಚೇರಿಯಲ್ಲಿ ನಾನೊಬ್ಬಳೇ ಹೆಂಗಸು. ಮೂಲೆಯಲ್ಲಿ ಬೀರುವಿನ ಹಿಂದೆ ನನಗೊಂದು ಮೇಜು ಹಾಕಿದ್ದರು. ಇಂಜಿನಿಯರ್ ಸಾಹೇಬರು ಬಂದವರೇ ಅದನ್ನು ನೋಡಿ ಜವಾನನನ್ನು ಕರೆದರು.

"ಆ ಮೇಜು ಬಾಗಿಲ ಕಡೆ ತಂದು ಇಡು. ಈ ಹುಡುಗಿ ಕದ್ದ ಮಾಲೇನು, ಮುಚ್ಚಿಡಾಕ?"

ಹೀಗೆ ನಾನು ಬಾಗಿಲ ಬಳಿಗೆ ಬಂದೆ. ಒಳಗೆ ಬರುವವರೆಲ್ಲ ನನ್ನನ್ನು ದಾಟಿಯೇ ಬರಬೇಕಿತ್ತು. ಆಮೇಲೆ ನಡೆದದ್ದನ್ನೆಲ್ಲ ನಾನು ನೋಡಿದ್ದು ಆ ಮೇಜಿನಿಂದಲೇ.

ಸಾಹೇಬರು ಲಿಂಗಸುಗೂರಿನ ಕಡೆಯವರು. ನಿಜಾಮನ ಕಾಲದಲ್ಲಿ ಹುಟ್ಟಿ, ಉರ್ದು ಶಾಲೆಯಲ್ಲಿ ಅಕ್ಷರ ಕಲಿತವರು. ಊರಿಗೆ ಮಳೆ ಬಾರದೆ ಕಾಳು ತುಂಬಿಡುವ ಹಗೇವು ಬರಿದಾದದ್ದನ್ನು, ಗುಳೆ ಹೋದವರು ವಾಪಸು ಬಾರದ್ದನ್ನು ಕಂಡಿದ್ದರು. ಕಾಲುವೆ ಅಗೆಯುವಾಗ ಹೊಸದಾಗಿ ನೌಕರಿಗೆ ಸೇರಿ, ಮಣ್ಣಿನ ಗುಡ್ಡೆಗಳ ನಡುವೆ ಡೇರೆಯಲ್ಲಿ ಮಲಗಿದ್ದವರು. ಮೊದಲ ಸಲ ನೀರು ಬಂದ ದಿನ ಹೆಂಗಸರು ಕಾಲುವೆಗೆ ಆರತಿ ಬೆಳಗಿ, ತಮ್ಮ ಕಾಲಿಗೂ ಕೊಡದಲ್ಲಿ ನೀರು ಹಾಕಿದರೆಂದು ಹೇಳುವಾಗ ಅವರ ಧ್ವನಿ ತಗ್ಗುತ್ತಿತ್ತು. ಸರಕಾರವೆಂದರೆ ಅವರಿಗೆ ಆ ದಿನದ ಸರಕಾರ.

"ಸರಕಾರ ಅಂದ್ರ ತಾಯಿ ಇದ್ದಂಗ, ತಂಗಿ. ಒಂದು ಮಗಗ ಎರಡು ರೊಟ್ಟಿ, ಒಂದು ಮಗಗ ಬರೇ ಹಂಚು ತೋರ್ಸಾಕ ಬರಂಗಿಲ್ಲ" ಎನ್ನುತ್ತಿದ್ದರು. ಇನ್ನೊಂದು ಮಾತೂ ಇತ್ತು: "ನೀರಿಗೆ ಕಣ್ಣಿಲ್ಲ. ಇಳಕಲು ಸಿಕ್ಕ ಕಡೆ ಹೋಗತೈತಿ. ಅದಕ್ಕ ಕಣ್ಣು ನಾವ ಆಗ್ಬೇಕು."

ಕಾಲುವೆ ಬಂದಾಗ ಸರಕಾರ ಒಂದು ಕಟ್ಟಳೆ ಮಾಡಿತ್ತು. ನೀರು ಹೆಚ್ಚು ಹಳ್ಳಿಗಳಿಗೆ ಮುಟ್ಟಬೇಕಾದರೆ ಭತ್ತವನ್ನು ಕೆಲವೇ ಹೊಲಗಳಲ್ಲಿ ಬೆಳೆಯಬೇಕು, ಉಳಿದವರು ಜೋಳ, ಹತ್ತಿ, ಶೇಂಗಾ ಹಾಕಬೇಕು. ಆದರೆ ಹೊಲದ ಬದುವಿಗೆ ಹತ್ತಿಕೊಂಡೇ ನೀರು ಹರಿಯುವಾಗ ಯಾರು ಜೋಳ ಬಿತ್ತುತ್ತಾರೆ? ತುರ್ವಿಹಾಳದ ಕಡೆ, ಕಾಲುವೆಯ ಮೇಲ್ಭಾಗದಲ್ಲಿ, ಭತ್ತ ವರ್ಷದಿಂದ ವರ್ಷಕ್ಕೆ ಹಬ್ಬಿತು. ಬಳಗಾನೂರು ದಾಟಿ ಮಸ್ಕಿ ಕಡೆ ಒಳಗೆ ಹೋದರೆ, ನಮ್ಮ ಉಪಕಾಲುವೆಯ ತುದಿಯ ಹಳ್ಳಿಗಳಿದ್ದವು. ಅಲ್ಲಿ ಕಾಲುವೆಯೊಳಗೆ ಆಡು ಮೇಯುತ್ತಿದ್ದವು.

ನಾನು ಸೇರುವುದಕ್ಕೆ ಕೆಲವು ವರ್ಷ ಮುಂಚೆ ಸಾಹೇಬರು ಏನು ಮಾಡಿದ್ದರೆಂಬುದನ್ನು ನನಗೆ ಹೇಳಿದವನು ಡ್ರೈವರ್. ಕಾಲುವೆ ದಂಡೆಯ ಮೇಲೆ ಜೀಪು ನಿಲ್ಲಿಸಿ, ಒಂದು ಸಣ್ಣ ಹೊಲದ ಕಡೆ ಕೈಮಾಡಿ ಹೇಳಿದ.

"ಇಲ್ಲೇ ನೋಡ್ರಿ. ಕಟ್ಟಳಿ ಮೀರಿ ಭತ್ತ ಹಾಕ್ಯಾರಂತ ಪೊಲೀಸರನ್ನ ಕರ್ಕೊಂಡು ಬಂದು, ನೆಲ್ಲಿನ ಗದ್ದ್ಯಾಗ ಟ್ರ್ಯಾಕ್ಟರ್ ಹೊಡಿಸಿದ್ರು. ತೆನಿ ಹಾಲು ಕಟ್ಟಿತ್ತು. ಗಂಡ ಸತ್ತಾಕಿ, ಕುರಿಯವರ ಹೆಣಮಗಳು. ಬಂದು ಗಾಲಿ ಮುಂದ ಮಲಗಿದ್ಲು. ಎತ್ತಿ ಬದುವಿನ ಮ್ಯಾಲ ಕೂಡಿಸಿದ್ರು. ಮತ್ತ ಹೊಡಿಸಿದ್ರು."

"ಈ ಕಡೆ ಆ ಕಡೆ ಎಲ್ಲಾ ಭತ್ತನ ಐತಲ್ಲ?" ಎಂದೆ.

"ಅವೆಲ್ಲಾ ದೊಡ್ಡವರ ಹೊಲ. ಮೊದಲ ಗೊತ್ತಾಗಿ ಕೋರ್ಟಿನಾಗಿಂದ ತಡೆ ತಂದಿದ್ರು. ತಡೆ ತರಾಕ ಬರಲಾರದಾಕಿ ಈಕಿ ಒಬ್ಬಾಕಿ."

ನನಗೆ ನಂಬಲಾಗಲಿಲ್ಲ. ಕಚೇರಿಯ ಹಿಂದೆ ಬಿದ್ದ ಗುಬ್ಬಿಮರಿಯನ್ನು ಎತ್ತಿ ಮಾಡಿನ ಸಂದಿಯಲ್ಲಿಡುವ ಮನುಷ್ಯ, ಹಾಲುಗಟ್ಟಿದ ತೆನೆಯ ಮೇಲೆ ಟ್ರ್ಯಾಕ್ಟರ್ ಹೊಡೆಸಿದರೇ? ಅಂದು ಮಧ್ಯಾಹ್ನ ಅವರು ತಮ್ಮ ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ನನ್ನ ಕಡೆ ಚಾಚಿದಾಗ ಕೈ ಮುಂದೆ ಬರಲಿಲ್ಲ. ಅವರು ನನ್ನನ್ನೂ, ಹೊರಗೆ ಜೀಪು ಒರೆಸುತ್ತಿದ್ದ ಡ್ರೈವರನನ್ನೂ ನೋಡಿದರು. ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿಟ್ಟರು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಕೆಲವು ಹಳ್ಳಿಗಳಿಗೊಂದರಂತೆ ಮಂಡಲ ಪಂಚಾಯ್ತಿಗಳು ಬಂದವು. ಹೆಂಗಸರಿಗೂ ಜಾಗ ಎಂದರು. ಅಲ್ಲಿಯವರೆಗೆ ಹಳ್ಳಿಯವರು ಕಚೇರಿಗೆ ಬಂದರೆ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದರು. ಜವಾನ ಕರೆದಾಗ ಚಪ್ಪಲಿ ಬಿಟ್ಟು ಒಳಗೆ ಬಂದು, ನಿಂತೇ ಮಾತಾಡಿ ಹೋಗುತ್ತಿದ್ದರು. ಚುನಾವಣೆ ಮುಗಿದ ಕೆಲವೇ ತಿಂಗಳಲ್ಲಿ ಆ ಮರದ ಕೆಳಗೆ ಯಾರೂ ನಿಲ್ಲದಂತಾಯಿತು. ನೇರ ಒಳಗೇ ಬರತೊಡಗಿದರು.

ಒಂದು ದಿನ ಹೊರಗೆ ಟ್ರ್ಯಾಕ್ಟರುಗಳ ಸದ್ದಾಯಿತು. ಮೇಲ್ಭಾಗದ ಮಂದಿ ಅಂಗಳ ತುಂಬ ನಿಂತರು. ಅವರ ಮುಂದೆ ತಲೆತುಂಬ ಸೆರಗು ಹೊದ್ದ, ಎತ್ತರದ ಹೆಂಗಸೊಬ್ಬಳು. ಅವಳು ಆ ಮಂಡಲದ ಪ್ರಧಾನಳಾಗಿ ಆರಿಸಿ ಬಂದಿದ್ದಾಳೆಂದು ಜವಾನ ಪಿಸುಗುಟ್ಟಿದ. ಅವಳು ನನ್ನ ಮೇಜು ದಾಟಿ, ಸಾಹೇಬರ ಎದುರಿನ ಕುರ್ಚಿ ಎಳೆದು ಕೂತಳು. ಹಳ್ಳಿಯ ಹೆಂಗಸೊಬ್ಬಳು ಆ ಕುರ್ಚಿಯಲ್ಲಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಸಾಹೇಬ್ರ, ಗುರ್ತ ಹಿಡಿದ್ರ್ಯಾ?"

ಸಾಹೇಬರು ತಲೆಯೆತ್ತಿದರು. ಬಾಗಿಲಲ್ಲಿದ್ದ ಡ್ರೈವರನ ಮುಖ ಬಿಳಿಚಿಕೊಂಡದ್ದನ್ನು ನೋಡಿ ಟ್ರ್ಯಾಕ್ಟರಿನ ಮುಂದೆ ಮಲಗಿದವಳು ಅವಳೇ ಎಂದು ನನಗೆ ತಿಳಿಯಿತು. ಸಾಹೇಬರು ಎದ್ದು ನಿಂತರು.

"ಹಿಡದೀನಿ ತಾಯಿ" ಎಂದರು. "ಆ ವರ್ಷ ಏನು ಉಂಡ್ರಿ?" ಎಂದು ಕೇಳಿದರು.

ಅವಳು ಅವರನ್ನೇ ದಿಟ್ಟಿಸಿ ನೋಡಿದಳು.

"ಅದನ್ನ ಆಗ ಕೇಳಬೇಕಿತ್ರಿ" ಎಂದಳು. "ಈಗ ಆ ಮಾತಿಗೆ ಬಂದಿಲ್ಲ. ನಮ್ಮ ಮ್ಯಾಲಿನ ತೂಬು ಬಂದ್ ಮಾಡೀರಂತ. ಅದನ್ನ ಬಿಡಿಸಾಕ ಬಂದೀನಿ. ಆಗ ನಿಮ್ಮ ಹಿಂದ ಪೊಲೀಸರಿದ್ರು. ಈಗ ನನ್ನ ಹಿಂದ ಮಂದಿ ಅದಾರ."

ಸಾಹೇಬರು ಸಿಟ್ಟಾಗಲಿಲ್ಲ. "ನಿನ್ನಿ ಬಂದ್ ಮಾಡೀನಿ, ನೀರಿನ್ನೂ ತುದಿಗೆ ಮುಟ್ಟಿಲ್ಲ. ತೂಬು ಬಿಟ್ರ ಕೆಳಗಿನವ್ರಿಗೆ ಕುಡಿಯಾಕೂ ಇಲ್ಲ. ನನ್ನ ಮಾತು ನಂಬಬ್ಯಾಡ್ರಿ, ಬಂದು ನೋಡ್ರಿ. ನೋಡಿ ಆಮ್ಯಾಲ ಹೇಳ್ರಿ" ಎಂದರು.

"ನಡೀರಿ" ಎಂದು ಅವಳು ತಟ್ಟನೆ ಎದ್ದಳು. ಗಂಡಸರ ಜೀಪಿನಲ್ಲಿ ಒಬ್ಬಳೇ ಹೆಂಗಸು ಬೇಡವೆಂದು ಸಾಹೇಬರು ನನ್ನನ್ನೂ ಹತ್ತಿಸಿಕೊಂಡರು.

ಬಳಗಾನೂರು ದಾಟಿದ ಮೇಲೆ ಭತ್ತದ ಹಸಿರು ಮುಗಿಯಿತು. ಆಮೇಲೆ ಬರೀ ಬಿರಿದ ಎರೆ, ಜಾಲಿ. ಕಾಲುವೆ ಮಾತ್ರ ನಮ್ಮ ಜೊತೆಗೇ ಬಂತು, ಒಣಗಿದ ಹಾವಿನ ಪೊರೆಯಂತೆ. ಕೊನೆಯ ಹಳ್ಳಿಯ ಹತ್ತಿರ ಕೆಲವು ಹೆಂಗಸರು ಕಾಲುವೆಯ ತಳದಲ್ಲೇ ಗುಂಡಿ ತೋಡಿ, ಅದರೊಳಗೆ ಒಸರುವ ನೀರನ್ನು ತೆಂಗಿನ ಚಿಪ್ಪಿನಲ್ಲಿ ಗೋರಿ ಕೊಡಕ್ಕೆ ಹಾಕಿಕೊಳ್ಳುತ್ತಿದ್ದರು. ಗುಂಡಿಯ ಸುತ್ತ ಕೊಡಗಳ ಸಾಲು. ಸಾಲಿನ ಕೊನೆಯಲ್ಲಿ ಒಬ್ಬ ಬಸುರಿ ಕಾಲುವೆಯ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದಳು.

ಪ್ರಧಾನಮ್ಮ ಕೆಳಗಿಳಿದಳು. ಸೀರೆ ಮೇಲಕ್ಕೆ ಸಿಗಿಸಿ, ಚಿಪ್ಪು ಇಸಿದುಕೊಂಡು ತಾನೇ ನೀರು ಗೋರಿದಳು. ಕೊಡ ತುಂಬುವವರೆಗೂ ಯಾರ ಜೊತೆಗೂ ಮಾತಾಡಲಿಲ್ಲ. ತುಂಬಿದ ಮೇಲೆ ಆ ಬಸುರಿಯ ಕೊಡವನ್ನು ತನ್ನ ತಲೆಯ ಮೇಲೆ ಹೊತ್ತು ಅವಳ ಮನೆಯವರೆಗೆ ಹೋಗಿ ಇಳಿಸಿ ಬಂದಳು. ನನಗೆ ಕಣ್ಣಲ್ಲಿ ನೀರು ಬಂತು. ಸಾಹೇಬರ ಮುಖದಲ್ಲಿ ಒಂದು ಬಗೆಯ ಬೆಳಕಿತ್ತು. ಗೆದ್ದೆನೆಂದುಕೊಂಡರು. ನಾನೂ ಹಾಗೇ ಅಂದುಕೊಂಡೆ.

ಜೀಪು ತಿರುಗಿದ ಮೇಲೆ ಕೇಳಿದರು: "ನೋಡಿದ್ರಲ್ಲ ತಾಯಿ?"

"ನೋಡ್ದೆ."

"ಮತ್ತ?"

"ತೂಬು ಬಿಡ್ರಿ."

ಡ್ರೈವರ್ ಬ್ರೇಕು ಒತ್ತಿಬಿಟ್ಟ. ನಾವೆಲ್ಲ ಮುಂದಕ್ಕೆ ಮುಗ್ಗರಿಸಿದೆವು. ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು.

"ಹೊಟ್ಟಿ ಉರೀತೈತಿ, ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ಆರಿಸಿದವ್ರು ಮ್ಯಾಲಿನವ್ರು. ಅವ್ರ ನೀರು ನಾ ಬಿಟ್ಟುಕೊಟ್ಟು ಹ್ಯಾಂಗ ಊರಿಗೆ ಹೋಗ್ಲಿ? ಇವ್ರಿಗೂ ಓಟು ಅದಾವಲ್ರೀ. ಇವ್ರೂ ಮಂದಿ ಕೂಡಿಸ್ಕೊಂಡು ನಿಮ್ಮ ಬಾಗಿಲಿಗೆ ಬರ್ಲಿ. ಆಗ ನಾವು ನಾವು ಮಾತಾಡ್ತೀವಿ. ನಡಕ ನೀವ್ಯಾಕ ತಾಯಿ ಆಗ್ತೀರಿ? ಒಮ್ಮೆ ತಾಯಿ ಆಗಿ ನನ್ನ ಗದ್ದಿ ತುಳಿಸಿದ್ದು ಸಾಕಾಗಿಲ್ಲೇನು?"

ಸಿಂಧನೂರು ಬರುವವರೆಗೆ ಸಾಹೇಬರು ಹೊರಗೆ ನೋಡುತ್ತ ಕೂತಿದ್ದರು. ಕಚೇರಿಗೆ ಬಂದು ತೂಬು ಬಿಡಲು ಹೇಳಿದರು. ಅಷ್ಟು ಮಂದಿಯನ್ನು ಎದುರಿಸಿ ಅದನ್ನು ಮುಚ್ಚಿಡಲು ಆಗುತ್ತಲೂ ಇರಲಿಲ್ಲ. ಪ್ರಧಾನಮ್ಮ ಹೋದ ಮೇಲೆ ಜವಾನನನ್ನು ಕರೆದು, ಉಗ್ರಾಣದಲ್ಲಿದ್ದ ಬೆಂಚುಗಳನ್ನೆಲ್ಲ ತೆಗೆಸಿ ಪಡಸಾಲೆಯಲ್ಲಿ ಹಾಕಿಸಿದರು. "ಬಂದವ್ರು ಕುಂದರ್ಲಿ" ಎಂದರು. ಅಷ್ಟೇ.

ಆಮೇಲಿನ ದಿನಗಳಲ್ಲಿ ಅವರು ತೀರ ಮಾತು ಕಡಿಮೆ ಮಾಡಿದರು. ತಾಯಿಯ ಮಾತಂತೂ ಅವರ ಬಾಯಿಂದ ಮತ್ತೆ ಬರಲಿಲ್ಲ. ರಜೆಯ ದಿನಗಳಲ್ಲಿ ಜೀಪು ಬಿಟ್ಟು ಬಸ್ಸಿನಲ್ಲಿ ಮಸ್ಕಿ ಕಡೆ ಹೋಗುತ್ತಿದ್ದಾರೆಂದು ಯಾರೋ ಹೇಳಿದರು. ನೆಂಟರಿರಬೇಕೆಂದುಕೊಂಡೆ.

ಬೇಸಿಗೆ ಬೆಳೆಯ ಹೊತ್ತಿಗೆ, ಒಂದು ಸಂತೆಯ ದಿನ, ಕೆಳಭಾಗದವರು ಬಂದರು. ಬಂಡಿ, ಟ್ರ್ಯಾಕ್ಟರು, ಬಸ್ಸಿನ ಮಾಡಿನ ಮೇಲೆ, ನಡೆದುಕೊಂಡು. ಹೆಂಗಸರ ಕಂಕುಳಲ್ಲಿ ಖಾಲಿ ಕೊಡ. ಧಿಕ್ಕಾರ ಕೂಗುವುದು ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಒಬ್ಬರು ಕೂಗಿ ಮುಗಿಸುವ ಮೊದಲೇ ಇನ್ನೊಬ್ಬರು ಶುರು ಮಾಡುತ್ತಿದ್ದರು. ಗುಮಾಸ್ತರು ಕಿಟಕಿಗಳನ್ನು ಮುಚ್ಚಿದರು. ಜವಾನ ಬಾಗಿಲಿಗೆ ಅಗಳಿ ಹಾಕಿ, "ಪೊಲೀಸರಿಗೆ ಫೋನ್ ಮಾಡ್ರಿ" ಎಂದು ನನ್ನ ಕಡೆ ಅರಚಿದ.

ಸಾಹೇಬರು ಬಂದು ತಾವೇ ಅಗಳಿ ತೆಗೆದರು.

ಮಂದಿ ನುಗ್ಗಿತು. ಮೇಜಿನ ಮೇಲೆ, ಕೆಳಗೆ, ಬೀರುವಿನ ಪಕ್ಕ, ಎಲ್ಲೆಲ್ಲೂ ಮಂದಿ. ಒಬ್ಬಳು ಖಾಲಿ ಕೊಡವನ್ನು ಸಾಹೇಬರ ಮೇಜಿನ ಮೇಲೆ ದಬಕ್ಕನೆ ಇಟ್ಟಳು. ಸಾಹೇಬರು ಕಲ್ಲಿನಂಥ ಮುಖ ಮಾಡಿಕೊಂಡು ಕೂತಿದ್ದರು.

"ಏನು ಬೇಕು?"

"ನೀರು ಬೇಕ್ರಿ!"

"ಇಲ್ಲಿಗೆ ಬಂದು ಗದ್ದಲ ಮಾಡಿದ್ರ ನೀರು ಸಿಗತೈತಿ ಅಂತ ಯಾರು ಹೇಳ್ಯಾರ ನಿಮಗ?"

ಮುಂದೆ ಕೂತಿದ್ದ ರುಮಾಲಿನ ಮುದುಕನೊಬ್ಬ ಗಾಬರಿಯಾಗಿ ಅತ್ತಿತ್ತ ನೋಡಿದ. ಆಮೇಲೆ ಸಂಕೋಚದಿಂದ ಕೈಮುಗಿದು ಹೇಳಿದ:

"ನೀವ ಹೇಳಿದ್ರಲ್ರೀ ಸಾಹೇಬ್ರ! ನಮ್ಮ ಗುಡಿ ಕಟ್ಟಿಮ್ಯಾಲ ಕುಂತು. ಮಂದಿ ಭಾಳ ಬರ್ರಿ, ಹೆಣಮಕ್ಕಳನ್ನ ಮುಂದ ಬಿಡ್ರಿ, ಖಾಲಿ ಕೊಡ ತರ್ರಿ ಅಂತ. ಮರ್ತೀರೇನು?"

ಗದ್ದಲ ಗಪ್ಪನೆ ನಿಂತಿತು. ಹಿರಿಯ ಗುಮಾಸ್ತರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಸರಕಾರದ ಸಾಹೇಬರು ಹಳ್ಳಿಗೆ ಹೋಗಿ ತಮ್ಮ ಕಚೇರಿಗೇ ಮುತ್ತಿಗೆ ಹಾಕಿರೆಂದು ಮಂದಿಗೆ ಹೇಳಿಬಂದಿದ್ದಾರೆ! ಅಂಥದೊಂದು ಇರಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಯಾರೋ ಹುಡುಗಿ ಕಿಸಕ್ಕೆಂದಳು. ಸಾಹೇಬರ ಕಲ್ಲುಮುಖವೂ ಒಂದು ಗಳಿಗೆ ಸಡಿಲವಾಯಿತು.

"ಮರ್ತಿಲ್ಲಪಾ" ಎಂದರು.

ಜೀಪು ಕಳಿಸಿ ಪ್ರಧಾನಮ್ಮನನ್ನು ಕರೆಸಿದರು. ಅವಳು ತನ್ನ ಮಂದಿಯೊಂದಿಗೆ ಬಂದಳು. ಅಂಗಳದಲ್ಲಿ ಸೇರಿದ ಕೆಳಗಿನವರನ್ನು ಕಂಡು ಒಂದು ಕ್ಷಣ ನಿಂತು, ಸಾಹೇಬರ ಕಡೆ ತಿರುಗಿ, "ಬಂದ್ರಲ್ಲ!" ಎಂದಳು. ಆ ಧ್ವನಿಯಲ್ಲಿ ಸಿಟ್ಟಿತ್ತೋ ಮೆಚ್ಚುಗೆಯಿತ್ತೋ ಹೇಳಲಾರೆ.

ಪಡಸಾಲೆಯ ಬೆಂಚುಗಳ ಮೇಲೆ ಮೇಲಿನವರು ಒಂದು ಕಡೆ, ಕೆಳಗಿನವರು ಒಂದು ಕಡೆ ಕೂತರು. ಸಾಹೇಬರು ಬೇವಿನ ಮರದ ಕೆಳಗೆ ಹೋಗಿ ನಿಂತರು. ಒಳಗಿನಿಂದ ಬೈಗುಳ ಕೇಳಿಸಿತು, ಅಳು ಕೇಳಿಸಿತು. ಎರಡು ಸಲ ಕೈ ಮಿಲಾಯಿಸುವವರೆಗೂ ಹೋಯಿತು. ಹಿರಿಯ ಗುಮಾಸ್ತರು ಓಡಿ ಬಂದು, "ನೀವು ಬಂದು ಹುಕುಂ ಮಾಡ್ರಿ ಸಾಹೇಬ್ರ, ಇಲ್ಲಾಂದ್ರ ತಲಿ ಒಡಕೋತಾರ" ಎಂದರು. ಸಾಹೇಬರು ಕದಲಲಿಲ್ಲ. ಜೀವಮಾನವಿಡೀ ಹುಕುಂ ಮಾಡಿದವರಿಗೆ, ಸುಮ್ಮನೆ ನಿಲ್ಲುವುದು ಟ್ರ್ಯಾಕ್ಟರಿನ ಮುಂದೆ ಮಲಗಿದಷ್ಟೇ ಕಷ್ಟವಾಗಿತ್ತೇನೋ.

ಹೊತ್ತು ಇಳಿಯುವಾಗ ಪ್ರಧಾನಮ್ಮ ಹೊರಗೆ ಬಂದಳು. ವಾರದಲ್ಲಿ ಕೆಲವು ದಿನ ಮೇಲಿನ ತೂಬುಗಳನ್ನು ಮುಚ್ಚುವುದು, ಆ ದಿನ ಎರಡೂ ಕಡೆಯವರು ಕೂಡಿ ದಂಡೆ ಕಾಯುವುದು ಎಂದು ಒಪ್ಪಂದವಾಗಿತ್ತು. ಆ ಹಂಗಾಮಿನಲ್ಲಿ ಕೊನೆಯ ಹಳ್ಳಿಗೆ ನೀರು ಮುಟ್ಟಿತು. ಮುಂದಿನ ವರ್ಷ ಒಪ್ಪಂದ ಮುರಿಯಿತು, ಮತ್ತೆ ಜಗಳವಾಯಿತು, ಮತ್ತೆ ಆ ಬೆಂಚುಗಳ ಮೇಲೆಯೇ ಕೂತು ಹೊಂದಿಸಿಕೊಂಡರು. ಅದನ್ನು ನೋಡಲು ಸಾಹೇಬರು ಮಾತ್ರ ಅಲ್ಲಿರಲಿಲ್ಲ.

ಮುದುಕ ಆಡಿದ ಮಾತು ಮೇಲಧಿಕಾರಿಗಳ ಕಿವಿಗೆ ಮುಟ್ಟಿತ್ತು. ಸಾಹೇಬರನ್ನು ಅಮಾನತು ಮಾಡಿದರು. ವಿಚಾರಣೆಗೆ ದೂರದಿಂದ ಒಬ್ಬ ಅಧಿಕಾರಿ ಬಂದರು. ನಮ್ಮ ಕಚೇರಿಯಲ್ಲಿ ಯಾರೂ ಸಾಹೇಬರ ಮೇಲೆ ಹೇಳಲು ತಯಾರಿರಲಿಲ್ಲ. ಮುದುಕನಿಗೆ ಅರಳು ಮರಳು, ಬಾಯಿಗೆ ಬಂದದ್ದು ಅಂದ ಎಂದು ಹೇಳೋಣವೆಂದು ಮಾತಾಡಿಕೊಂಡೆವು. ನನ್ನನ್ನು ಮೊದಲು ಕರೆದರು. ಸಾಹೇಬರು ಅಲ್ಲೇ ಗೋಡೆಯ ಪಕ್ಕ ಕೂತಿದ್ದರು.

"ಬಾಗಿಲಲ್ಲೇ ಕೂರುವವರು ನೀವು. ಆ ಮುದುಕ ಏನು ಹೇಳಿದ?" ಎಂದು ಅಧಿಕಾರಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ಎದ್ದರು. "ಆ ಹುಡುಗಿನ್ನ ಯಾಕ ಕೇಳ್ತೀರಿ ಸರ್? ನನ್ನನ್ನ ಕೇಳ್ರಿ. ಹೌದು. ನಾನ ಹೇಳೀನಿ ಅವ್ರಿಗೆ ಬರಾಕ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಸರಕಾರದ ನೌಕರರಾಗಿ ಸರಕಾರದ ವಿರುದ್ಧವೇ ಜನರನ್ನು ಎತ್ತಿಕಟ್ಟಿದಿರಾ?"

"ವಿರುದ್ಧ ಎಲ್ಲಿ ಬಂತ್ರಿ? ನೀರು ಬೇಕಾದವ್ರನ್ನ ನೀರು ಕೊಡವ್ರ ಬಾಗಿಲಿಗೆ ಕಳಿಸೀನಿ. ಒಂದು ಸಲ ಯಾರನ್ನೂ ಕೇಳಲಾರದ ನ್ಯಾಯ ಮಾಡಾಕ ಹೋಗಿದ್ದೆ. ಒಬ್ಬ ಬಡವಿ ಗದ್ದಿ ತುಳಿಸಿದೆ. ಅದಕ್ಕ ನನಗ ಬೆನ್ನು ತಟ್ಟಿದ್ರಿ. ಈಗ ಕೇಳೀನಿ, ಅಮಾನತು ಮಾಡೀರಿ."

ನಾವೆಲ್ಲ ಸೇರಿ ಹೆಣೆದ ಸುಳ್ಳನ್ನು ಅವರು ಒಂದೇ ಮಾತಿನಲ್ಲಿ ಹರಿದು ಹಾಕಿದ್ದರು. ಹೊರಗೆ ಬಂದ ಮೇಲೆ ನಾನು ಅತ್ತೆ, ಸಿಟ್ಟಿಗೂ ಅತ್ತೆ. "ಯಾಕ ಹಂಗ ಹೇಳಿದ್ರಿ ಸಾಹೇಬ್ರ?" ಎಂದರೆ, "ಆ ಮುದುಕಗ ಅರಳು ಮರಳು ಅಂತ ಹೇಳಾವ್ರಿದ್ರಿ ಹೌದಿಲ್ಲೋ? ಸರಕಾರದ ಮುಂದ ಹುಟ್ಟಿದಾಗಿಂದ ಒಮ್ಮೆ ಬಾಯಿ ತಗದಾನ ಅಂವ. ಅದನ್ನ ಸುಳ್ಳು ಮಾಡ್ತಿದ್ರ್ಯಾ?" ಎಂದರು.

ಬಹಳ ದಿನಗಳ ಮೇಲೆ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರಾದರೂ ಎಲ್ಲೋ ದೂರದ ಊರಿನಲ್ಲಿ, ಕಾಲುವೆಯೂ ಇಲ್ಲದ, ಕೆಲಸವೂ ಇಲ್ಲದ ಕುರ್ಚಿಯಲ್ಲಿ ಕೂಡಿಸಿದರು. ಅಲ್ಲಿಂದಲೇ ನಿವೃತ್ತರಾಗಿ ಲಿಂಗಸುಗೂರಿಗೆ ಬಂದರು. ಅಷ್ಟರಲ್ಲಿ ಮಂಡಲ ಪಂಚಾಯ್ತಿಗಳ ಅವಧಿ ಮುಗಿದಿತ್ತು. ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿ ಬಂದು ಕೂತ. ಪ್ರಧಾನಮ್ಮ ನನ್ನ ಮೇಜಿನ ಮುಂದೆ ನಿಂತು, "ಮಂದಿ ಕೂಡ್ಸಿದ ಕುರ್ಚಿನ್ನ ಯಾರು ಎತ್ಕೊಂಡು ಹೋದ್ರವ್ವಾ?" ಎಂದು ಕೇಳಿ ಹೊರಟುಹೋದಳು. ಆಮೇಲೆ ಗ್ರಾಮ ಪಂಚಾಯ್ತಿಗಳು ಬಂದವು. ಅವಳು ಮತ್ತೆ ನಿಲ್ಲಲಿಲ್ಲ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಸಿಂಧನೂರಿನಲ್ಲಿ ಒಂದು ಸಭೆ ನಡೆಯಿತು. ಶಾಮಿಯಾನ ಹಾಕಿದ್ದರು. ದೊಡ್ಡ ಅಧಿಕಾರಿಯೊಬ್ಬರು ಬಂದು ಹೇಳಿದರು: ಇನ್ನು ಮುಂದೆ ರೈತರೇ ಸಂಘ ಕಟ್ಟಿಕೊಂಡು ಉಪಕಾಲುವೆಗಳನ್ನು ನಡೆಸಬೇಕು, ನೀರು ತಾವೇ ಹಂಚಿಕೊಳ್ಳಬೇಕು, ದುರಸ್ತಿಯೂ ಅವರದೇ. ಸರಕಾರ ಎಲ್ಲವನ್ನೂ ಮಾಡುವ ಕಾಲ ಮುಗಿಯಿತು. ಚಪ್ಪಾಳೆ ಬಿತ್ತು. ಸಾಹೇಬರು ಹಿಂದಿನ ಸಾಲಿನಲ್ಲಿದ್ದರು. ಯಾವ ಮಾತಿಗಾಗಿ ಅವರನ್ನು ಅಮಾನತು ಮಾಡಿದರೋ ಅದೇ ಮಾತನ್ನು ಈಗ ಮೈಕಿನಲ್ಲಿ ಹೇಳುತ್ತಿದ್ದಾರೆಂದು ನಾನು ಹಿಗ್ಗಿ ಅವರ ಬಳಿ ಓಡಿದೆ.

"ಸಾಹೇಬ್ರ, ಕೇಳಿದ್ರ್ಯಾ? ನೀವು ಹೇಳಿದ್ದನ್ನ ಹೇಳಾಕತ್ತಾರ!"

ಅವರು ಪೆಟ್ಟು ತಿಂದವರಂತೆ ಕೂತಿದ್ದರು.

"ಅಲ್ಲ ತಂಗಿ" ಎಂದರು. "ನಾ ಹೇಳಿದ್ದು ಮಂದಿ ಬಂದು ಸರಕಾರದ ಕಿವಿ ಹಿಂಡ್ಲಿ ಅಂತ. ಸರಕಾರ ಎದ್ದು ಮನಿಗೆ ಹೋಗ್ಲಿ ಅಂತಲ್ಲ. ಇವ್ರು ಕೈ ತೊಳಕೊಳ್ಳಾಕತ್ತಾರ. ಕೆಳಗಿನ ಬಡವ್ರು ಇನ್ನ ಯಾರ ಬಾಗಿಲಿಗೆ ಕೊಡ ಹೊತ್ಕೊಂಡು ಹೋಗ್ಬೇಕು?"

ಎದ್ದು, ಯಾರಿಗೂ ಹೇಳದೆ ಹೊರಟುಹೋದರು.

ಅದಾದ ಮೇಲೆ ಅವರ ಆರೋಗ್ಯ ಕೆಟ್ಟಿತು. ಕೊನೆಯ ಸಲ ಲಿಂಗಸುಗೂರಿಗೆ ಹೋದಾಗ ಹಾಸಿಗೆಯಲ್ಲಿದ್ದರು. ಮಾತು ತೊದಲುತ್ತಿತ್ತು. ಮಕ್ಕಳ ಕ್ಷೇಮ ಕೇಳಿದೆ, ಔಷಧ ಕೇಳಿದೆ. ಅವರಿಗೆ ಅದು ಯಾವುದೂ ಬೇಕಿರಲಿಲ್ಲ.

"ಕಚೇರಿಗೆ ಮಂದಿ ಬರಾಕತ್ತಾರೇನು?"

"ಈಗ ಯಾರೂ ಬರಂಗಿಲ್ರಿ. ಬಂದ್ರ, ಸಂಘದವ್ರನ್ನ ಕೇಳ್ರಿ ಅಂತ ಹೇಳಿ ಕಳಸಂತ ನಮಗ ಹೇಳ್ಯಾರ. ಸಂಘ ಮ್ಯಾಲಿನ ದೊಡ್ಡವರ ಕೈಯಾಗ ಐತಿ."

ಅವರು ಕಣ್ಣು ಮುಚ್ಚಿದರು. ನಿದ್ದೆ ಬಂತೆಂದು ಏಳಹೋದೆ.

"ಅವ್ರು ಬರಂಗಿಲ್ಲಂದ್ರ" ಎಂದರು, "ನೀ ಹೋಗು."

ಅವರು ನನಗೆ ಹೇಳಿದ ಕೊನೆಯ ಮಾತು ಅದು.

ಸುದ್ದಿ ಬಂದ ದಿನ ಸಿಕ್ಕ ಬಸ್ಸಿಗೆ ಹತ್ತಿ ಹೋದೆ. ಗೋಡೆಗೊರಗಿಸಿ ಕೂಡಿಸಿದ್ದರು. ಹಣೆಗೆ, ತೋಳಿಗೆ ವಿಭೂತಿ, ಕೊರಳಲ್ಲಿ ಹೂವು. ಪಡಸಾಲೆಯಲ್ಲಿ ಭಜನೆ ನಡೆದಿತ್ತು. ಕೆಳಭಾಗದ ಹಳ್ಳಿಗಳಿಂದ ಒಂದು ಟ್ರ್ಯಾಕ್ಟರು ತುಂಬ ಮಂದಿ ಬಂದಿದ್ದರು. ಅವರ ಹಿಂದೆ ಪ್ರಧಾನಮ್ಮ ಒಬ್ಬಳೇ ಬಂದಳು. ಕೂದಲು ಪೂರ್ತಿ ನೆರೆತಿತ್ತು. ಹೂವು ತಂದಿರಲಿಲ್ಲ, ಅಳಲೂ ಇಲ್ಲ. ಎದುರಿಗೆ ನಿಂತು ಅವರ ಮುಖವನ್ನೇ ನೋಡುತ್ತಿದ್ದಳು. ಅವಳು ಯಾರೆಂದು ಸಾಹೇಬರ ಮಗ ಕೇಳಿದಾಗ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ನಿಮ್ಮಪ್ಪ ನನ್ನ ಗದ್ದಿ ತುಳಿಸಿದವ. ಅದನ್ನ ನಾ ಮರ್ತಿಲ್ಲ. ಮಣ್ಣಿಗೂ ಬಂದೀನಿ."

ಭಜನೆಯವರ ತಾಳ ತಪ್ಪಿತು. ಮಗನ ಮುಖ ಕೆಂಪಾಯಿತು. ಆದರೆ ಅವಳು ಹೋಗಲಿಲ್ಲ. ಎಲ್ಲರ ಜೊತೆ ಹೊಲದವರೆಗೂ ನಡೆದು ಬಂದು, ಹಿಡಿಮಣ್ಣು ಹಾಕಿ, ಕೈ ಒರೆಸಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು.

ನಾನು ಕೆಲವು ದಿನ ಸುಮ್ಮನಿದ್ದೆ. ಟೈಪಿಸ್ಟ್ ಆಗಿ ಸೇರಿದವಳು, ಹಳ್ಳಿಗಳಿಗೆ ಹೋಗು ಎಂದು ನನಗೆ ಯಾವ ಆದೇಶವೂ ಇರಲಿಲ್ಲ. ಹೋಗಿ ಏನು ಹೇಳುವುದೆಂದೂ ಗೊತ್ತಿರಲಿಲ್ಲ. ಆದರೂ ಒಂದು ರಜೆಯ ದಿನ ಬಳಗಾನೂರಿನ ಬಸ್ಸು ಹತ್ತಿದೆ. ಅಲ್ಲಿಂದ ಒಂದು ಟ್ರ್ಯಾಕ್ಟರು ಹಿಡಿದು ಕೊನೆಯ ಹಳ್ಳಿಗೆ ಮುಟ್ಟಿದೆ. ಕಾಲುವೆಯಲ್ಲಿ ಜಾಲಿ ಬೆಳೆದಿತ್ತು. ಗುಡಿಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು.

"ಯಾರವ್ವಾ ನೀ? ಯಾರು ಕಳಿಸ್ಯಾರ?" ಎಂದು ಕೇಳಿದಳು.

ಸತ್ತವರು ಕಳಿಸಿದ್ದಾರೆಂದು ಹೇಗೆ ಹೇಳಲಿ?

"ಸರಕಾರದಾಕಿ, ಯವ್ವಾ. ಕಾಲುವೆ ಕಚೇರಿಯಿಂದ ಬಂದೀನಿ" ಎಂದೆ.

ಮುದುಕಿ ಕೈಯಲ್ಲಿದ್ದ ಹುಣಸೆಹಣ್ಣು ಕೆಳಗಿಟ್ಟು, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು:

"ಇನ್ನೂ ಐತೇನವ್ವಾ ಅದು?"

ಅವಳ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತುಕೊಂಡೆ. ಅವಳು ಎದುರಿನ ಮನೆಯ ಕಡೆ ತಿರುಗಿ, "ಬರ್ರಿ ಬೇ, ಯಾರೋ ಬಂದಾರ" ಎಂದು ಮನೆಯವರನ್ನು ಕೂಗಿದಳು.